ಸಣ್ಣ ಬ್ರೂವರಿಯ ಬಿಯರ್: ರುಚಿ ನೋಡುವ ಬಗೆ, ಬರೆಯುವ ಬಗೆ

ಸಣ್ಣ ಬ್ರೂವರಿಯಲ್ಲಿ ಒಂದು ಬ್ಯಾಚಿನ ಹಾಗೆ ಇನ್ನೊಂದು ಬ್ಯಾಚ್ ಇರುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಹಲವು ಟ್ಯಾಂಕುಗಳ ಬಿಯರನ್ನು ಬೆರೆಸಿ ಒಂದೇ ರುಚಿಗೆ ತರುತ್ತಾರೆ, ಪ್ರತಿ ಹಂತದಲ್ಲೂ ಲ್ಯಾಬ್ ಪರೀಕ್ಷೆ ಇರುತ್ತದೆ. ಐನೂರು, ಸಾವಿರ ಲೀಟರಿನ ಟ್ಯಾಂಕ್ ಇಟ್ಟುಕೊಂಡವರಿಗೆ ಆ ಅನುಕೂಲ ಇಲ್ಲ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮೂಟೆ ಬದಲಾದರೆ, ಹಾಪ್ಸ್ (ಕಹಿ, ಪರಿಮಳ ಕೊಡುವ ಹೂವು) ಹೊಸ ಬೆಳೆಯದಾದರೆ, ಹುದುಗಿಸುವ ಅದೇ ಯೀಸ್ಟನ್ನು ಎಂಟನೇ ಸಲ ಬಳಸಿದರೆ ಗ್ಲಾಸಿನಲ್ಲಿ ಗೊತ್ತಾಗುತ್ತದೆ. ಹಾಗಾಗಿ ಇಂಥ ಬಿಯರ್ ಬಗ್ಗೆ ಬರೆಯುವವರು ಮೂರು ವಿಷಯಗಳನ್ನು ಬಿಡಿಸಿ ನೋಡಲೇಬೇಕು: ಬ್ರೂವರ್ ಮಾಡಿದ್ದೇನು, ಬಿಯರ್ ನಿಮ್ಮ ಕೈಗೆ ಬರುವ ದಾರಿಯಲ್ಲಿ ಆದದ್ದೇನು, ನಿಮ್ಮ ನಾಲಿಗೆಗೆ ಹಿಡಿಸಿದ್ದೇನು. ಮೂರನ್ನೂ ಕಲಸಿ ಒಂದೇ ಸ್ಟಾರ್ ಕೊಟ್ಟರೆ ಓದುಗನಿಗೂ ಉಪಯೋಗವಿಲ್ಲ, ಮಾಡಿದವನಿಗೂ ಇಲ್ಲ.

ಸುರಿಯುವ ಮೊದಲು

ಬಿಯರ್ ರುಚಿ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ಆದ್ದರಿಂದ ಮೊದಲು ಮೂಗನ್ನು ಕಾಪಾಡಿಕೊಳ್ಳಿ. ರುಚಿ ನೋಡುವ ಅರ್ಧ ಗಂಟೆ ಮೊದಲಿಂದ ಸಿಗರೇಟು, ಕಾಫಿ, ಪುದೀನಾ ಚೂಯಿಂಗ್ ಗಮ್ ಬೇಡ. ಸೆಂಟು, ಘಮಘಮಿಸುವ ಹ್ಯಾಂಡ್‌ವಾಶ್ ಬೇಡ. ಗ್ಲಾಸು ಹಿಡಿದ ಕೈ ಮೂಗಿನ ಪಕ್ಕದಲ್ಲೇ ಇರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಖಾರ ತಿಂದ ಬಾಯಿಗೆ ಎರಡು ಗಂಟೆ ಬಿಡುವು ಕೊಡಿ. ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು. ಹೊಟ್ಟೆ ತುಂಬಿದ ಮೇಲೆ ಮೂಗು ಮಂಕಾಗುತ್ತದೆ. ಹಾಗಂತ ಪೂರ್ತಿ ಬರಿಹೊಟ್ಟೆಯಲ್ಲೂ ಕೂರಬೇಡಿ.

ಒಂದು ಕೂಟಕ್ಕೆ ಐದು ಅಥವಾ ಆರು ಬಿಯರ್ ಸಾಕು, ಒಂದೊಂದೂ 100 ಮಿಲಿ. ಶೇಕಡಾ 5.5 ಆಲ್ಕೋಹಾಲಿನ ಬಿಯರ್ 600 ಮಿಲಿ ಎಂದರೆ ಸುಮಾರು 26 ಗ್ರಾಂ ಆಲ್ಕೋಹಾಲ್ ಒಳಗೆ ಹೋದಂತೆ. ಅದಕ್ಕಿಂತ ಮುಂದೆ ಹೋದರೆ ಎಲ್ಲ ಬಿಯರೂ ಚೆನ್ನಾಗಿಯೇ ಕಾಣುತ್ತದೆ, ಬರೆದದ್ದು ಮರುದಿನ ನಂಬಿಕೆಗೆ ಬಾರದು. ನಾಲ್ಕನೆಯದಕ್ಕಿಂತ ಆರನೆಯದಕ್ಕೆ ಜಾಸ್ತಿ ಅಂಕ ಕೊಡುತ್ತಿದ್ದೀರೆಂದರೆ ಆರನೆಯದನ್ನು ಇನ್ನೊಂದು ದಿನ ಮೊದಲಿಗೆ ಇಟ್ಟು ನೋಡಿ. 100 ಮಿಲಿಯೇ ಆದರೂ ಕುಡಿದದ್ದು ಕುಡಿದದ್ದೇ. ಹೋಗುವಾಗ ಗಾಡಿ ಬೇರೆಯವರ ಕೈಯಲ್ಲಿರಲಿ.

ಸರದಿ ಮುಖ್ಯ. ಸೌಮ್ಯವಾದದ್ದು ಮೊದಲು, ಗಟ್ಟಿಯದು ಆಮೇಲೆ. ಲಾಗರ್ (ತಣ್ಣಗೆ ಹುದುಗಿಸಿದ್ದು), ಗೋಧಿ ಬಿಯರ್, ಪೇಲ್ ಏಲ್, ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಹೆಚ್ಚಿರುವುದು), ಸ್ಟೌಟ್ (ಹುರಿದ ಕಾಳಿನ ಕಪ್ಪು ಬಿಯರ್), ಹೀಗೆ. ಹುಳಿ ಬಿಯರ್ ಮತ್ತು ಹೊಗೆಯಾಡಿಸಿದ ಮಾಲ್ಟಿನ ಬಿಯರ್ ಇದ್ದರೆ ಕಟ್ಟಕಡೆಗೆ. 60 ಐಬಿಯು (ಕಹಿಯ ಅಳತೆ) ಇರುವ ಐಪಿಎ ಕುಡಿದು ಹೊಂಬಣ್ಣದ ಲಾಗರ್ ಆದ ಪಿಲ್ಸ್ನರ್‌ಗೆ ಬಂದರೆ ಪಿಲ್ಸ್ನರ್ ನೀರಾಗಿ ಕಾಣುತ್ತದೆ, ತಪ್ಪು ಅದರದಲ್ಲ. ನಡುನಡುವೆ ಸಾದಾ ನೀರು, ಉಪ್ಪಿಲ್ಲದ ಬ್ರೆಡ್ಡಿನ ಚೂರು ಇರಲಿ.

ಇನ್ನು ತಣಿವು. ಬಹುತೇಕ ವಿಮರ್ಶೆಗಳು ಕೆಡುವುದು ಇಲ್ಲೇ. 2 ಡಿಗ್ರಿಯಲ್ಲಿ ಕೊಟ್ಟ ಬಿಯರಿನಲ್ಲಿ ಪರಿಮಳ ಮೇಲೇಳುವುದೇ ಇಲ್ಲ. ಗುಣವೂ ಅಡಗುತ್ತದೆ, ದೋಷವೂ ಅಡಗುತ್ತದೆ. ಲಾಗರ್ 4ರಿಂದ 7 ಡಿಗ್ರಿ ಸೆಲ್ಸಿಯಸ್, ಗೋಧಿ ಬಿಯರ್ 6ರಿಂದ 8, ಪೇಲ್ ಏಲ್ ಮತ್ತು ಐಪಿಎ 7ರಿಂದ 10, ಸ್ಟೌಟ್ ಮತ್ತು ಗಟ್ಟಿ ಏಲ್‌ಗಳು 10ರಿಂದ 13. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಸಾಕು. ತೀರಾ ತಣ್ಣಗಿದ್ದರೆ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಕಾಯಿರಿ. ಎಲ್ಲ ಬಿಯರಿನಲ್ಲೂ ಒಂದೆರಡು ಗುಟುಕು ಉಳಿಸಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಚಳಿಯಲ್ಲಿ ಬಚ್ಚಿಟ್ಟುಕೊಂಡ ಬೆಣ್ಣೆ ವಾಸನೆ, ಬೆಂದ ಜೋಳದ ವಾಸನೆ ಹೊರಬರುವುದು ಆಗಲೇ.

ಗ್ಲಾಸು

ಗ್ಲಾಸನ್ನು ಫ್ರೀಜರಿನಲ್ಲಿಟ್ಟು ಮಂಜು ಹಿಡಿಸುವುದು ಬೇಡ. ಆ ಮಂಜು ಕರಗಿ ಬಿಯರಿಗೆ ನೀರು ಸೇರುತ್ತದೆ, ನೊರೆ ಅಡ್ಡಾದಿಡ್ಡಿ ಏಳುತ್ತದೆ. ಮೇಲ್ಭಾಗ ಸ್ವಲ್ಪ ಒಳಬಾಗಿದ 300 ಮಿಲಿ ಟ್ಯುಲಿಪ್ ಗ್ಲಾಸು ಹೆಚ್ಚುಕಡಿಮೆ ಎಲ್ಲ ಬಿಯರಿಗೂ ಆಗುತ್ತದೆ. ಸಿಗದಿದ್ದರೆ ವೈನ್ ಗ್ಲಾಸು. ಕಾಲುಭಾಗದಿಂದ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಪರಿಮಳ ನಿಲ್ಲಲು ಮೇಲೆ ಜಾಗ ಬೇಕು.

ಗ್ಲಾಸು ಶುದ್ಧವೇ ಎಂದು ತಿಳಿಯಲು ಸುಲಭ ದಾರಿ: ನೀರಿನಲ್ಲಿ ಅದ್ದಿ ಎತ್ತಿ. ಒಳಗೋಡೆಯ ಮೇಲೆ ನೀರು ಒಂದೇ ಹಾಳೆಯಂತೆ ಇಳಿದರೆ ಸರಿ. ಹನಿಹನಿಯಾಗಿ ಒಡೆದು ನಿಂತರೆ ಅಲ್ಲಿ ಜಿಡ್ಡಿದೆ. ಅನುಮಾನವಿದ್ದರೆ ಒದ್ದೆ ಗ್ಲಾಸಿನ ಒಳಗೆ ಉಪ್ಪು ಉದುರಿಸಿ, ಜಿಡ್ಡಿದ್ದ ಕಡೆ ಉಪ್ಪು ಹಿಡಿಯುವುದಿಲ್ಲ. ಬಿಯರ್ ಸುರಿದ ಮೇಲೂ ಗೊತ್ತಾಗುತ್ತದೆ: ಗೋಡೆಗೆ ಗುಂಪುಗುಂಪಾಗಿ ಗುಳ್ಳೆ ಅಂಟಿಕೊಂಡಿದ್ದರೆ ಅದು ಕೊಳೆ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ, ತುಟಿಗೆ ಹಚ್ಚಿದ ಬಣ್ಣ, ಕೈಯ ಎಣ್ಣೆ, ಹಾಲಿನ ಪಸೆ ಯಾವುದಾದರೂ ಸರಿ. "ನೊರೆ ನಿಲ್ಲುವುದಿಲ್ಲ" ಎಂದು ಬ್ರೂವರಿಯ ಮೇಲೆ ಬರೆಯುವ ಮುನ್ನ ಗ್ಲಾಸು ಬದಲಿಸಿ ಮತ್ತೊಮ್ಮೆ ಸುರಿಸಿ ನೋಡಿ.

ಸುರಿಯುವಾಗ ಗ್ಲಾಸನ್ನು ಓರೆ ಹಿಡಿದು, ಸುರಿಯಬೇಕಾದದ್ದರಲ್ಲಿ ಅರ್ಧವನ್ನು ಗೋಡೆಯ ಮೇಲೆ ಇಳಿಸಿ, ಆಮೇಲೆ ನೆಟ್ಟಗೆ ಮಾಡಿ ನಡುವಿಗೆ ಸುರಿಯಿರಿ. ಎರಡು ಬೆರಳು ದಪ್ಪ ನೊರೆ ಬರಲಿ. ನೊರೆಯಿಲ್ಲದೆ ಸುರಿದ ಬಿಯರಿನಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ನಾಲಿಗೆ ಚುರುಗುಟ್ಟುತ್ತದೆ, ಪರಿಮಳವೂ ಮೇಲೆ ಬರುವುದಿಲ್ಲ. ಬಾಟಲಿಯ ಜರ್ಮನ್ ಗೋಧಿ ಬಿಯರಾದರೆ ಕೊನೆಯ ಎರಡು ಬೆರಳಷ್ಟು ಉಳಿಸಿ, ಅಲುಗಾಡಿಸಿ, ತಳದ ಯೀಸ್ಟನ್ನೂ ಸೇರಿಸಿ ಸುರಿಯಿರಿ.

ಮೊದಲು ಮೂಗು

ಸುರಿದ ಕೂಡಲೇ ವಾಸನೆ ನೋಡಿ, ಬಣ್ಣ ಆಮೇಲೆ ನೋಡಿದರೂ ನಡೆಯುತ್ತದೆ. ಗಂಧಕದ ವಾಸನೆ, ಹಾಪ್ಸಿನ ಕೆಲವು ಸೂಕ್ಷ್ಮ ಪರಿಮಳಗಳು ಒಂದೆರಡು ನಿಮಿಷದಲ್ಲಿ ಹಾರಿಹೋಗುತ್ತವೆ.

ಒಂದೇ ಸಲ ಉದ್ದಕ್ಕೆ ಎಳೆಯಬೇಡಿ. ಮೊದಲು ಗ್ಲಾಸನ್ನು ಮೂಗಿನ ಮುಂದೆ ಹಾಯಿಸಿ, ದೂರದಿಂದ ಏನು ಬರುತ್ತದೆ ನೋಡಿ. ಆಮೇಲೆ ಎರಡು ಮೂರು ಪುಟ್ಟ ಪುಟ್ಟ ಉಸಿರು. ನಂತರ ಗ್ಲಾಸಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನಾಲ್ಕೈದು ಸುತ್ತು ತಿರುಗಿಸಿ, ಕೈ ತೆಗೆದು ಒಮ್ಮೆ ಚಿಕ್ಕದಾಗಿ ಎಳೆಯಿರಿ. ಮೂಗು ಬೇಗ ಒಗ್ಗಿಹೋಗುತ್ತದೆ. ನಾಲ್ಕನೇ ಸಲ ಏನೂ ಗೊತ್ತಾಗದಿದ್ದರೆ ನಿಮ್ಮದೇ ಮುಂಗೈಯನ್ನು ಮೂಸಿ. ನಿಮ್ಮ ಮೈಯ ವಾಸನೆ ನಿಮ್ಮ ಮೂಗಿಗೆ ಶೂನ್ಯವಿದ್ದಂತೆ, ಅಲ್ಲಿಂದ ಮತ್ತೆ ಶುರು ಮಾಡಬಹುದು.

ಮೂಗಿಗೆ ಬಂದದ್ದನ್ನು ಆಗಲೇ ಬರೆಯಿರಿ, ಪಕ್ಕದವರ ಜೊತೆ ಮಾತಾಡುವ ಮೊದಲು. ಒಬ್ಬರು "ಅನಾನಸ್" ಎಂದರೆ ಮೇಜಿನಲ್ಲಿರುವ ಎಲ್ಲರಿಗೂ ಅನಾನಸೇ ಬರುತ್ತದೆ. ಮೊದಲು ದೊಡ್ಡ ಗುಂಪು ಹಿಡಿಯಿರಿ: ಧಾನ್ಯವೇ, ಹಣ್ಣೇ, ಹೂವೇ, ಮಸಾಲೆಯೇ, ಸುಟ್ಟದ್ದೇ, ಮಣ್ಣೇ? ಹಣ್ಣಾದರೆ ನಿಂಬೆಯ ಜಾತಿಯೇ, ಮಾವಿನ ಜಾತಿಯೇ? ನಿಂಬೆ ಜಾತಿಯಾದರೆ ಸಿಪ್ಪೆಯೇ, ರಸವೇ? ಹೀಗೆ ಇಳಿಯುತ್ತಾ ಹೋದರೆ ಪದ ತಾನಾಗಿ ಸಿಗುತ್ತದೆ. ಕಂಡಿಲ್ಲದ, ತಿಂದಿಲ್ಲದ ಹಣ್ಣಿನ ಹೆಸರನ್ನು ಬೇರೆಯವರ ವಿಮರ್ಶೆಯಿಂದ ಎತ್ತಿಕೊಳ್ಳಬೇಡಿ.

ಬಾಯಿ: ಕಹಿ ಬೇರೆ, ಒಗರು ಬೇರೆ

ದೊಡ್ಡ ಗುಟುಕು ಬೇಡ, ಚಮಚದಷ್ಟೂ ಸಾಲದು. ಒಂದು 15 ಮಿಲಿ ಬಾಯಿಗೆ ತೆಗೆದುಕೊಂಡು ನಾಲಿಗೆಯ ಮೇಲೆಲ್ಲಾ ಹರಿಸಿ, ನುಂಗಿ, ಬಾಯಿ ಮುಚ್ಚಿಯೇ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂಬದಿಯಿಂದ ಮೂಗಿಗೆ ಹೋಗುವ ಈ ಉಸಿರಿನಲ್ಲಿ ಮೊದಲು ಸಿಗದಿದ್ದ ಎಷ್ಟೋ ಸಂಗತಿ ಸಿಗುತ್ತದೆ. ನಂಬಿಕೆ ಬಾರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿದು ಆಮೇಲೆ ಬಿಡಿ. ಬರೀ ಸಿಹಿ, ಕಹಿ, ಹುಳಿ ಇದ್ದ ಬಾಯಿಯಲ್ಲಿ ಥಟ್ಟನೆ ಬಿಯರ್ ತುಂಬಿಕೊಳ್ಳುತ್ತದೆ.

ವೈನ್ ಪರೀಕ್ಷಕರ ಹಾಗೆ ಉಗುಳಬಹುದು. ಆದರೆ ಹಾಪ್ಸಿನ ಕಹಿ ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ನಿಧಾನಕ್ಕೆ ಏರುತ್ತದೆ, ಆದ್ದರಿಂದ ಒಂದು ಗುಟುಕಾದರೂ ನುಂಗಿಯೇ ತೀರ್ಮಾನಿಸಿ. ನುಂಗಿದ ಮೇಲೆ ಹತ್ತರವರೆಗೆ ಎಣಿಸಿ. ಕಹಿ ಎಷ್ಟು ಹೊತ್ತು ನಿಂತಿತು, ಸೊಗಸಾಗಿ ಕರಗಿತೇ, ಗಂಟಲು ಗೀರಿತೇ ಎಂದು ಗಮನಿಸಿ.

ಹೊಸದಾಗಿ ಬರೆಯುವವರು ಹೆಚ್ಚು ಎಡವುವುದು ಕಹಿ ಮತ್ತು ಒಗರಿನ ನಡುವೆ. ಕನ್ನಡದಲ್ಲಿ ಒಗರು ಎಂಬ ಚೆಂದದ ಪದವೇ ಇದೆ, ಧಾರಾಳವಾಗಿ ಬಳಸಿ. ಕಹಿ ರುಚಿ, ಒಗರು ಒಸಡು ಬಿಗಿಯುವ, ನಾಲಿಗೆ ತರಿತರಿಯಾಗುವ ಸ್ಪರ್ಶ. ಎಳೆ ಬಾಳೆಕಾಯಿ ಕಚ್ಚಿದಾಗ, ಸೊಪ್ಪು ಹಾಕಿ ಮರೆತ ಚಹಾ ಕುಡಿದಾಗ ಆಗುವುದು. ಹಾಪ್ಸಿನ ಬಿಯರಿನಲ್ಲಿ ಕಹಿ ಬೇಕಾದದ್ದು. ಒಗರು ಸಾಮಾನ್ಯವಾಗಿ ಬೇಡದ್ದು. ಮಾಲ್ಟ್ ತೊಳೆಯುವ ನೀರು 77 ಡಿಗ್ರಿ ದಾಟಿದಾಗ ಅಥವಾ ಕೊನೆಯಲ್ಲಿ ಪಿಎಚ್ 6ರ ಮೇಲೆ ಏರಿದಾಗ ಬಾರ್ಲಿಯ ಸಿಪ್ಪೆಯಿಂದ ಟ್ಯಾನಿನ್ ಇಳಿದು ಒಗರಾಗುತ್ತದೆ. ತೀರಾ ಹೆಚ್ಚು ಹಾಪ್ಸನ್ನು ಕುದಿಸದೆ ನೆನೆಸಿಟ್ಟ ಐಪಿಎಯಲ್ಲೂ ಗಂಟಲು ಹಿಡಿಯುವ ಒಗರು ಬರುತ್ತದೆ.

ಮೆನುವಿನಲ್ಲಿ ಬರೆದ ಐಬಿಯು ನೋಡಿ ಕಹಿಯನ್ನು ಅಳೆಯಬೇಡಿ. ಅದು ಕಹಿಯ ಅಂಶ ಎಷ್ಟಿದೆ ಎಂಬ ಲೆಕ್ಕ. ಅದನ್ನು ಸರಿದೂಗಿಸುವ ಸಿಹಿ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಮೂಲ ಸಾಂದ್ರತೆ (ಹುದುಗುವ ಮೊದಲು ದ್ರವದಲ್ಲಿ ಕರಗಿದ ಸಕ್ಕರೆಯ ಅಳತೆ, ನೀರಿಗೆ 1.000) 1.045, ಕಹಿ 40 ಐಬಿಯು ಇರುವ ಪಿಲ್ಸ್ನರ್‌ನಲ್ಲಿ 40ನ್ನು ಸಾಂದ್ರತೆಯ ಬಿಂದುವಿನ ನಂತರದ 45ರಿಂದ ಭಾಗಿಸಿದರೆ ಸುಮಾರು 0.89. ಮೂಲ ಸಾಂದ್ರತೆ 1.090, ಕಹಿ 60 ಇರುವ ಗಟ್ಟಿ ಸ್ಟೌಟಿನಲ್ಲಿ 60ನ್ನು 90ರಿಂದ ಭಾಗಿಸಿದರೆ 0.67. ಅಂಕಿ ಕಡಿಮೆಯಿದ್ದ ಪಿಲ್ಸ್ನರೇ ಬಾಯಿಗೆ ಹೆಚ್ಚು ಕಹಿ. ಬ್ರೂವರ್ ಆರಂಭದ ಮತ್ತು ಕೊನೆಯ ಸಾಂದ್ರತೆ ಹೇಳಿದರೆ ಆಲ್ಕೋಹಾಲನ್ನೂ ನೀವೇ ಲೆಕ್ಕ ಹಾಕಬಹುದು: ವ್ಯತ್ಯಾಸವನ್ನು 131.25ರಿಂದ ಗುಣಿಸಿ. 1.050ರಿಂದ 1.012ಕ್ಕೆ ಇಳಿದಿದ್ದರೆ ಶೇಕಡಾ 5ರ ಆಸುಪಾಸು.

ಕೊನೆಗೆ ಮೈಕಟ್ಟು: ಬಾಯಲ್ಲಿ ತೆಳುವೇ, ದಪ್ಪವೇ, ಗುಳ್ಳೆ ಚುರುಕೇ, ಸಪ್ಪೆಯೇ, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ ಇದೆಯೇ. ಇದಕ್ಕೆ ಎರಡು ಪದ ಸಾಕು.

ಶೈಲಿ ತಿಳಿಯದೆ ತೀರ್ಪು ಬೇಡ

ಜರ್ಮನ್ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗ ಬರಲೇಬೇಕು. ಅದೇ ಲವಂಗ ಲಾಗರಿನಲ್ಲಿ ಬಂದರೆ ಬೇರೆ ಯೀಸ್ಟ್ ನುಸುಳಿದೆ ಎಂದು ಅರ್ಥ. ಗೋಧಿ ಬಿಯರಿನ ಕಹಿ 8ರಿಂದ 15 ಐಬಿಯು, ಅಷ್ಟೇ. "ಕಹಿ ಸಾಲದು" ಎಂದು ಅದನ್ನು ದೂರಬಾರದು. ಬೆಲ್ಜಿಯನ್ ವಿಟ್ ಬಿಯರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುವುದೇ ಪದ್ಧತಿ. ಅಮೆರಿಕನ್ ಐಪಿಎ 40ರಿಂದ 70 ಐಬಿಯು ಇದ್ದು ಒಣಗಿದಂತೆ ಮುಗಿಯಬೇಕು. ಹೇಜಿ ಐಪಿಎ ಮಬ್ಬಾಗಿ, ಮೆತ್ತಗೆ, ಹಣ್ಣಿನ ರಸದಂತೆ ಇರುತ್ತದೆ. ಐರಿಷ್ ಸ್ಟೌಟ್ ಕಪ್ಪಗಿದ್ದರೂ ಹಗುರ, ಸಾಮಾನ್ಯವಾಗಿ ಶೇಕಡಾ 5ರ ಒಳಗೆ.

ಸಣ್ಣ ಬ್ರೂವರಿಯನ್ನು ಅಳೆಯಬೇಕೆಂದರೆ ಅವರ ಸಾದಾ ಲಾಗರಿನಿಂದ ಶುರು ಮಾಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. 1842ರಲ್ಲಿ ಜೋಸೆಫ್ ಗ್ರೋಲ್ ಪಿಲ್ಸೆನ್ ಊರಿನಲ್ಲಿ ಮಾಡಿದ ಆ ಹೊಂಬಣ್ಣದ ಬಿಯರಿನ ವಂಶದಲ್ಲಿ ತಪ್ಪು ಮುಚ್ಚಿಡಲು ಜಾಗವೇ ಇಲ್ಲ. ಹುರಿದ ಮಾಲ್ಟಿಲ್ಲ, ಹಾಪ್ಸಿನ ಅಬ್ಬರವಿಲ್ಲ, ಹಣ್ಣಿಲ್ಲ. ಜೊತೆಗೆ ಅದಕ್ಕೆ ವಾರಗಟ್ಟಲೆ ಟ್ಯಾಂಕ್ ಬಿಟ್ಟುಕೊಡಬೇಕು. ಟ್ಯಾಂಕ್ ಖಾಲಿ ಮಾಡುವ ಅವಸರದಲ್ಲಿ ಬೇಗ ಇಳಿಸಿದ್ದರೆ ಹಸಿ ಸೇಬು, ಬೆಣ್ಣೆ, ಗಂಧಕ ಮೂರೂ ಬಂದು ಹೇಳುತ್ತವೆ. ಲಾಗರ್ ಸ್ವಚ್ಛವಾಗಿದ್ದರೆ ಉಳಿದ ಬಿಯರುಗಳನ್ನು ಧೈರ್ಯವಾಗಿ ಕುಡಿಯಬಹುದು.

ದೋಷಗಳು, ಅವುಗಳ ಮೂಲ

ಬೆಣ್ಣೆ. ಪಾಪ್‌ಕಾರ್ನಿಗೆ ಹಾಕುವ ಬೆಣ್ಣೆಯ ವಾಸನೆ, ನಾಲಿಗೆಯ ಮೇಲೆ ಜಾರುವಂಥ ಪಸೆ. ಇದು ಡೈಅಸಿಟೈಲ್. ಹುದುಗುವಾಗ ಯೀಸ್ಟ್ ಹೊರಬಿಡುವ ಒಂದು ವಸ್ತು ಡೈಅಸಿಟೈಲ್ ಆಗಿ ಬದಲಾಗುತ್ತದೆ. ಕಾಲಾವಕಾಶ ಕೊಟ್ಟರೆ ಯೀಸ್ಟೇ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಅದಕ್ಕಾಗಿಯೇ ಲಾಗರ್ ಮಾಡುವವರು ಹುದುಗು ಮುಗಿಯುತ್ತಾ ಬಂದಾಗ ತಾಪವನ್ನು 16ರಿಂದ 18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುತ್ತಾರೆ. ಆ ದಿನಗಳನ್ನು ಉಳಿಸಿದರೆ ಬೆಣ್ಣೆ ಉಳಿಯುತ್ತದೆ. ಎಚ್ಚರಿಕೆಯ ಬ್ರೂವರ್ ಸ್ವಲ್ಪ ಬಿಯರನ್ನು ಮುಚ್ಚಿದ ಬಾಟಲಿಯಲ್ಲಿ 60 ಡಿಗ್ರಿಗೂ ಮೇಲೆ ಅರ್ಧ ಗಂಟೆ ಬಿಸಿ ಮಾಡಿ, ತಣಿಸಿ ಮೂಸುತ್ತಾರೆ. ಅಡಗಿದ್ದ ಬೆಣ್ಣೆ ಆಗ ಹೊರಬೀಳುತ್ತದೆ. ಕುದಿಸದೆ ಹೆಚ್ಚು ಹಾಪ್ಸ್ ಹಾಕಿದ ಐಪಿಎಯಲ್ಲಿ ಇನ್ನೊಂದು ದಾರಿಯಿದೆ: ಹಾಪ್ಸಿನ ಕಿಣ್ವಗಳು ಯೀಸ್ಟ್ ತಿನ್ನಲಾಗದೆ ಉಳಿದ ಡೆಕ್ಸ್ಟ್ರಿನ್ನನ್ನು ಸಣ್ಣ ಸಕ್ಕರೆಯಾಗಿ ಒಡೆದು, ಯೀಸ್ಟ್ ಮತ್ತೆ ಎದ್ದು, ಕ್ಯಾನಿಗೆ ತುಂಬಿದ ಮೇಲೂ ಬೆಣ್ಣೆ ಹುಟ್ಟಬಹುದು. ಕೆಲವರ ಮೂಗಿಗೆ ಡೈಅಸಿಟೈಲ್ ಗೊತ್ತೇ ಆಗುವುದಿಲ್ಲ. ನೀವು ಅಂಥವರಾದರೆ ಇನ್ನೊಬ್ಬರ ಮೂಗನ್ನು ಜೊತೆಗಿಟ್ಟುಕೊಳ್ಳಿ.

ಬೇಯಿಸಿದ ಜೋಳ, ಕೆಲವೊಮ್ಮೆ ಬೆಂದ ಎಲೆಕೋಸು. ಇದು ಡೈಮಿಥೈಲ್ ಸಲ್ಫೈಡ್. ತಿಳಿ ಬಣ್ಣದ ಪಿಲ್ಸ್ನರ್ ಮಾಲ್ಟಿನಲ್ಲಿ ಇದರ ಮೂಲವಸ್ತು ಹೆಚ್ಚು. 60ರಿಂದ 90 ನಿಮಿಷ ಮುಚ್ಚಳ ತೆಗೆದು ಕುದಿಸಿದರೆ ಹಬೆಯ ಜೊತೆ ಹೋಗುತ್ತದೆ. ಕುದಿ ಮಂದವಾದರೆ, ಕುದಿಸಿದ ಮೇಲೆ ತಣಿಸಲು ತಡವಾದರೆ ಉಳಿಯುತ್ತದೆ.

ಹಸಿ ಸೇಬು, ಕುಂಬಳಕಾಯಿ ಸೀಳಿದಾಗಿನ ವಾಸನೆ: ಅಸಿಟಾಲ್ಡಿಹೈಡ್. ಬಿಯರ್ ಇನ್ನೂ ಎಳೆಯದು, ಯೀಸ್ಟಿನ ಕೆಲಸ ಮುಗಿದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಲಾಗರಿನಲ್ಲಿ ಲಘುವಾಗಿದ್ದು ಗ್ಲಾಸು ತಿರುಗಿಸಿದಾಗ ಹೋದರೆ ತಲೆ ಕೆಡಿಸಿಕೊಳ್ಳಬೇಡಿ, ಉಳಿದರೆ ಬರೆಯಿರಿ. ಉಗುರುಬಣ್ಣ ಅಳಿಸುವ ದ್ರವದ ಘಾಟು ಬಂದರೆ ಬಹುಮಟ್ಟಿಗೆ ಹುದುಗುವಾಗ ತಾಪ ಕೈಮೀರಿದೆ.

ಬ್ಯಾಂಡೇಜ್, ಆಸ್ಪತ್ರೆಯ ಔಷಧದ ವಾಸನೆ: ಕ್ಲೋರೋಫಿನಾಲ್. ನಲ್ಲಿನೀರಿನ ಕ್ಲೋರಿನ್ ತೆಗೆಯದೆ ಬಳಸಿದಾಗ, ಕ್ಲೋರಿನ್ ಇರುವ ಶುಚಿಕಾರಕವನ್ನು ಸರಿಯಾಗಿ ತೊಳೆಯದಿದ್ದಾಗ ಹೀಗಾಗುತ್ತದೆ. ಇದಕ್ಕೆ ಯಾವ ಶೈಲಿಯಲ್ಲೂ ವಿನಾಯಿತಿ ಇಲ್ಲ.

ಒದ್ದೆ ರಟ್ಟು, ಹಳೆ ಕಾಗದ: ಆಮ್ಲಜನಕ ತಾಗಿ ಹಳಸಿದ್ದು. ಹೇಜಿ ಐಪಿಎ ಇದಕ್ಕೆ ಬೇಗ ಬಲಿಯಾಗುತ್ತದೆ. ಹಳದಿ ಬಣ್ಣ ಬೂದುಗಂದಾಗುತ್ತದೆ, ಮಾವಿನ ಪರಿಮಳ ಸತ್ತು ಸಪ್ಪೆ ಸಿಹಿ ಉಳಿಯುತ್ತದೆ. ಬಿಸಿಲಿಗೆ ಸಿಕ್ಕಿದ ಬಿಯರಿನ ಗಬ್ಬು ಇದರಿಂದ ಬೇರೆ. ಬೆಳಕು ಹಾಪ್ಸಿನ ಕಹಿ ಅಂಶವನ್ನು ಒಡೆದಾಗ ಹುಟ್ಟುವ ಗಂಧಕದ ವಾಸನೆ ಅದು. ಬಿಳಿ ಮತ್ತು ಹಸಿರು ಬಾಟಲಿ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಕಂದು ಬಾಟಲಿ ಬಹಳಷ್ಟು ತಡೆಯುತ್ತದೆ, ಕ್ಯಾನಿನೊಳಗೆ ಬೆಳಕೇ ಹೋಗುವುದಿಲ್ಲ.

ನಾಣ್ಯ ನೆಕ್ಕಿದಂಥ ಲೋಹದ ರುಚಿ ಅನುಮಾನ ಬಂದರೆ ಒಂದು ಹನಿಯನ್ನು ಕೈಯ ಹಿಂಬದಿಗೆ ಉಜ್ಜಿ ಮೂಸಿ. ಕಬ್ಬಿಣದ ಅಂಶವಿದ್ದರೆ ಚರ್ಮದ ಮೇಲೆ ವಾಸನೆ ಸ್ಪಷ್ಟವಾಗುತ್ತದೆ.

ಟ್ಯಾಂಕಿನ ತಪ್ಪೋ, ಟ್ಯಾಪಿನ ತಪ್ಪೋ

ಕೆಗ್‌ನಿಂದ (ಬಿಯರ್ ತುಂಬಿದ ಲೋಹದ ಪೀಪಾಯಿ) ಟ್ಯಾಪಿಗೆ ಬರುವ ಪೈಪನ್ನು ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣದಿಂದ ತೊಳೆಯಬೇಕು. ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟಿ, ಅಲ್ಲಿ ಬೆಳೆದ ಬ್ಯಾಕ್ಟೀರಿಯಾ ಒಳ್ಳೆಯ ಬಿಯರಿಗೂ ಬೆಣ್ಣೆ ಮತ್ತು ಹುಳಿ ಸೇರಿಸುತ್ತದೆ. ಆದ್ದರಿಂದ ಗ್ಲಾಸಿನಲ್ಲಿ ಬೆಣ್ಣೆ ಸಿಕ್ಕಿದ ಕೂಡಲೇ ಬ್ರೂವರ್ ಅವಸರ ಮಾಡಿದ ಎಂದು ಬರೆಯಬೇಡಿ. ಜೊತೆಗೆ ಹುಳಿ ಇದೆಯೇ? ತಿಳಿಯಾಗಿರಬೇಕಾದ ಬಿಯರ್ ಮಬ್ಬಾಗಿದೆಯೇ? ಅದೇ ಬಿಯರ್ ಕ್ಯಾನಿನಲ್ಲಿ ಸಿಗುತ್ತದೆಯೇ? ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾನಿನದು ಸ್ವಚ್ಛವಾಗಿದ್ದು ಟ್ಯಾಪಿನದು ಬೆಣ್ಣೆ ಬಂದರೆ ಪೈಪಿನ ಮೇಲೆ ಅನುಮಾನ. ಎರಡರಲ್ಲೂ ಬಂದರೆ ಟ್ಯಾಂಕಿನ ಮೇಲೆ. ಬಾಗಿಲು ತೆರೆದ ಕೂಡಲೇ ಬರುವ ಮೊದಲ ಗ್ಲಾಸು ರಾತ್ರಿಯಿಡೀ ಪೈಪಿನಲ್ಲಿ ನಿಂತ ಬಿಯರು, ಅದರ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.

ಕ್ಯಾನ್, ಬಾಟಲಿಗೆ ಸಂಬಂಧಿಸಿ ಬಿಯರ್ ವ್ಯಾಪಾರದವರು ಬಳಸುವ ಒಂದು ಅಂದಾಜು ಲೆಕ್ಕವಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಹಳಸು. ಅಂಗಡಿಯ ಹೊರಗೆ ಬಿಸಿಯಲ್ಲಿ ಮೂರು ದಿನ ಇದ್ದ ಕ್ಯಾನಿನ ಮೇಲೆ ತುಂಬಿದ ದಿನಾಂಕ ಎಷ್ಟೇ ಹೊಸದಾಗಿದ್ದರೂ ಪ್ರಯೋಜನವಿಲ್ಲ. ಬ್ರೂವರಿಯಿಂದ ಗ್ರೌಲರಿನಲ್ಲಿ (ಟ್ಯಾಪಿನಿಂದ ತುಂಬಿಸಿಕೊಳ್ಳುವ ದೊಡ್ಡ ಬಾಟಲಿ) ತಂದಿದ್ದರೆ ತಣ್ಣಗಿಟ್ಟು ಎರಡು ಮೂರು ದಿನದೊಳಗೆ ತೆರೆಯಿರಿ, ತೆರೆದ ದಿನವೇ ಮುಗಿಸಿ.

ಮನೆಯಲ್ಲೇ ಮೂಗು ಪಳಗಿಸಲು

ದೋಷಗಳ ವಾಸನೆ ಕಲಿಯಲೆಂದೇ ಕ್ಯಾಪ್ಸೂಲ್‌ಗಳು ಸಿಗುತ್ತವೆ, ಬಿಯರಿಗೆ ಬೆರೆಸಿ ಮೂಸುವುದು. ಅವಿಲ್ಲದೆಯೂ ಸಾಕಷ್ಟು ಕಲಿಯಬಹುದು. ಒಂದು ಸಾದಾ ಲಾಗರ್ ತೆಗೆದುಕೊಂಡು ಹೀಗೆ ಮಾಡಿ. ಒಂದು ಗ್ಲಾಸನ್ನು ಅರ್ಧ ಗಂಟೆ ನೇರ ಬಿಸಿಲಿನಲ್ಲಿಡಿ, ಇನ್ನೊಂದನ್ನು ಅಷ್ಟೇ ಹೊತ್ತು ಕತ್ತಲಲ್ಲಿ. ತಣಿಸಿ ಎರಡನ್ನೂ ಮೂಸಿ. ಬೆಳಕಿಗೆ ಕೆಟ್ಟ ಬಿಯರ್ ಎಂದರೇನು ಎಂದು ಮತ್ತೆ ಮರೆಯುವುದಿಲ್ಲ. 250 ಮಿಲಿ ಬಿಯರಿಗೆ 1 ಮಿಲಿ ಬಿಳಿ ವಿನೆಗರ್ ಹಾಕಿ, ಗೊತ್ತಾಗದಿದ್ದರೆ ಇನ್ನೊಂದು ಮಿಲಿ. 200 ಮಿಲಿಗೆ 20 ಮಿಲಿ ಕಡುಚಹಾ ಬೆರೆಸಿದರೆ ಒಗರು ತಿಳಿಯುತ್ತದೆ. ಶೇಕಡಾ 5ರ 200 ಮಿಲಿ ಬಿಯರಿಗೆ 10 ಮಿಲಿ ವೋಡ್ಕಾ ಹಾಕಿದರೆ ಶೇಕಡಾ 6.7ರ ಹತ್ತಿರ ಹೋಗುತ್ತದೆ. ಆಲ್ಕೋಹಾಲಿನ ಬಿಸಿ ಯಾವುದೆಂದು ಆಗ ಗೊತ್ತು. ಒಂದೇ ಬ್ಯಾಚಿನ ಎರಡು ಕ್ಯಾನಿನಲ್ಲಿ ಒಂದನ್ನು ಫ್ರಿಜ್ಜಿನಲ್ಲೂ ಒಂದನ್ನು ಸೆಕೆಯ ಕೋಣೆಯಲ್ಲೂ ಮೂರು ವಾರ ಇಟ್ಟು ಒಟ್ಟಿಗೆ ತೆರೆಯಿರಿ.

ಬ್ರೂವರಿಗೆ ಹೋದಾಗ ನಾಲ್ಕು ಬಗೆಯ ಮಾಲ್ಟ್ ಕಾಳು ಕೇಳಿ ಜಗಿಯಿರಿ: ತಿಳಿ ಮಾಲ್ಟ್, ಕ್ಯಾರಮೆಲ್ ಮಾಲ್ಟ್, ಚಾಕೊಲೇಟ್ ಮಾಲ್ಟ್, ಹುರಿದ ಬಾರ್ಲಿ. ಮೊದಲನೆಯದು ಹಿಟ್ಟು ಹಿಟ್ಟಾಗಿ ಸಿಹಿ, ಎರಡನೆಯದು ಗಟ್ಟಿಯಾಗಿ ಕಟುಂ ಎಂದು ಒಡೆದು ಸುಟ್ಟ ಸಕ್ಕರೆ, ಮೂರನೆಯದು ಕೋಕೋ, ನಾಲ್ಕನೆಯದು ಕಾಫಿಯ ಜೊತೆ ತುದಿಯಲ್ಲಿ ಹುಳಿ. ಸ್ಟೌಟ್ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ನಿಮ್ಮ ನಾಲಿಗೆಯ ಮೇಲೆ ನಿಮಗೇ ಎಷ್ಟು ನಂಬಿಕೆ ಇಡಬಹುದು ಎಂದು ತಿಳಿಯಲು ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯವರು ಸುರಿಯಲಿ, ನೀವು ಬೇರೆಯಾದದ್ದನ್ನು ಗುರುತಿಸಬೇಕು. ಊಹೆಗೇ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. 6 ಬಾರಿಯಲ್ಲಿ 5 ಸಲ ಸರಿ ಹೇಳಿದರೆ ಅದು ಅದೃಷ್ಟವಲ್ಲ ಎನ್ನಬಹುದು.

ಬರೆಯುವುದು

ಟಿಪ್ಪಣಿಯ ತಲೆಯಲ್ಲಿ ಇಷ್ಟು ಇರಲೇಬೇಕು: ಬಿಯರಿನ ಹೆಸರು, ಶೈಲಿ, ಆಲ್ಕೋಹಾಲ್, ಬ್ಯಾಚ್ ಅಥವಾ ತುಂಬಿದ ದಿನಾಂಕ, ಟ್ಯಾಪೋ ಕ್ಯಾನೋ, ಕುಡಿದ ದಿನ, ಗ್ಲಾಸಿನಲ್ಲಿನ ತಾಪ. ಪುಕ್ಕಟೆ ಸಿಕ್ಕಿದ್ದರೆ ಅದನ್ನೂ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ: "ಗೋಧಿ ಬಿಯರ್ ಚೆನ್ನಾಗಿದೆ, ತುಂಬಾ ಸ್ಮೂತ್. ಆದರೆ ಏನೋ ವಿಚಿತ್ರ ವಾಸನೆ. 3 ಸ್ಟಾರ್." ಅದೇ ಗ್ಲಾಸನ್ನು ಹೀಗೆ ಬರೆದು ನೋಡಿ: "ಟ್ಯಾಪಿನಿಂದ, ಕೆಗ್ ತೆರೆದ ಎರಡನೇ ದಿನ, 7 ಡಿಗ್ರಿ. ಮಬ್ಬು ಹೊಂಬಣ್ಣ, ಮೂರು ಬೆರಳು ನೊರೆ, ಐದು ನಿಮಿಷ ನಿಂತಿತು. ಮೊದಲು ಮಾಗಿದ ಬಾಳೆಹಣ್ಣು, ಅದರ ಹಿಂದೆ ಬ್ರೆಡ್ಡಿನ ಹಿಟ್ಟು. ಲವಂಗ ತೀರಾ ಕಡಿಮೆ. ಬಾಯಲ್ಲಿ ಹಗುರ ಸಿಹಿ, ಕಹಿ ಬಹುತೇಕ ಇಲ್ಲ, ಗುಳ್ಳೆ ಚುರುಕು. ಇಪ್ಪತ್ತು ನಿಮಿಷದ ನಂತರ, 14 ಡಿಗ್ರಿಯಲ್ಲಿ, ಬೇಯಿಸಿದ ಜೋಳದ ವಾಸನೆ ಸ್ಪಷ್ಟ. ತಣ್ಣಗಿದ್ದಾಗ ಸೊಗಸು, ನಿಧಾನಕ್ಕೆ ಕುಡಿಯುವವರಿಗೆ ಅಲ್ಲ. ಬಾಳೆಹಣ್ಣಿನ ಕಡೆ ವಾಲಿದ ಗೋಧಿ ಬಿಯರ್ ನನಗೆ ಇಷ್ಟ. ಲವಂಗ ಬಯಸುವವರಿಗೆ ಇದು ಒಂಟಿ ಎನಿಸಬಹುದು." ಎರಡನೆಯದರಲ್ಲಿ ಬಿಯರ್ ಬೇರೆ, ಇಷ್ಟ ಬೇರೆ. ಓದಿದ ಬ್ರೂವರಿಗೂ ಕುದಿಸುವ ಹಂತದ ಕಡೆ ನೋಡಬೇಕೆಂದು ಗೊತ್ತಾಗುತ್ತದೆ.

ಗಮನಿಸಿ, ಅಲ್ಲಿ "ಸರಿಯಾಗಿ ಕುದಿಸಿಲ್ಲ" ಎಂದು ಬರೆದಿಲ್ಲ. ಮೂಗಿಗೆ ಸಿಕ್ಕಿದ್ದು ಜೋಳದ ವಾಸನೆ, ಅಷ್ಟನ್ನೇ ಹೇಳಿದೆ. ಕಾರಣ ಊಹೆ, ಊಹೆಯನ್ನು ಸತ್ಯದಂತೆ ಬರೆದರೆ ನಾಲ್ಕೈದು ಜನರ ಸಣ್ಣ ಬ್ರೂವರಿಗೆ ಅದರ ಪೆಟ್ಟು ದೊಡ್ಡದು. ಕಾರಣ ತಿಳಿಯಬೇಕೆಂದರೆ ಬ್ರೂವರನ್ನೇ ಕೇಳಿ, ಹೇಳಿದರೆ ಅವರ ಮಾತೆಂದೇ ಬರೆಯಿರಿ. ಹಾಗೆಂದು ದೋಷವನ್ನು ಮುಚ್ಚಲೂಬೇಡಿ. "ನಮ್ಮವರದು, ಪಾಪ" ಎಂದು ಹೊಗಳಿದರೆ ಓದಿ ಹೋದವನು ಒಮ್ಮೆ ಕುಡಿದು ಇನ್ನೆಂದೂ ಸಣ್ಣ ಬ್ರೂವರಿಯ ಕಡೆ ಬರುವುದಿಲ್ಲ.

ಅಂಕ ಕೊಡಲೇಬೇಕಾದರೆ ಬಿಡಿಸಿ ಕೊಡಿ. 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಹಾಳೆಯಲ್ಲಿ ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಮೈಕಟ್ಟಿಗೆ 5, ಒಟ್ಟಾರೆಗೆ 10, ಹೀಗೆ 50 ಅಂಕ. ನೋಟಕ್ಕೆ ಬರೀ 3 ಎಂಬುದನ್ನು ಗಮನದಲ್ಲಿಡಿ. ಚೆಂದದ ಫೋಟೋ ನೋಡಿ ಅಂಕ ಏರಿಸುವವರಿಗೆ ಇದು ಒಳ್ಳೆಯ ಅಂಕುಶ. ಆ ಅಂಕ ಶೈಲಿಗೆ ಎಷ್ಟು ಹತ್ತಿರ ಎಂಬುದರ ಅಳತೆ. ಶೈಲಿಗೆ ಸೇರದ ಹೊಸ ಪ್ರಯೋಗವಾದರೆ ಬ್ರೂವರ್ ಮೆನುವಿನಲ್ಲಿ ಏನು ಮಾಡಹೊರಟೆ ಎಂದು ಬರೆದಿದ್ದಾರೋ ಅದಕ್ಕೆ ಹೋಲಿಸಿ.

ಒಂದು ಗ್ಲಾಸಿಗೆ ಕೆಟ್ಟ ವಿಮರ್ಶೆ ಬರೆಯಬೇಡಿ. ಬೇರೆ ದಿನ, ಸಾಧ್ಯವಾದರೆ ಬೇರೆ ಕೆಗ್‌ನಿಂದ, ಯಾವ ಬಿಯರೆಂದು ನಿಮಗೆ ಹೇಳದೆ ಇನ್ನೊಬ್ಬರಿಂದ ಸುರಿಸಿಕೊಂಡು ಮತ್ತೊಮ್ಮೆ ನೋಡಿ. ಆಗಲೂ ಅದೇ ದೋಷ ಸಿಕ್ಕರೆ ಎರಡೂ ದಿನಾಂಕ ಹಾಕಿ ಬರೆಯಿರಿ. ಮುಂದಿನ ಬ್ಯಾಚ್ ಬಂದಾಗ ಹಳೆಯ ಬರಹವನ್ನು ಅಳಿಸದೆ, ಅದರ ಕೆಳಗೇ ಹೊಸ ಬ್ಯಾಚಿನ ಟಿಪ್ಪಣಿ ಸೇರಿಸಿ.